ಕಾಣಿಕೆ ಬಡ್ಡಿಗೆ ಬಿಟ್ಟ ಹಣವಲ್ಲ



ವರಮಾನದ ದಶಮಾಂಶವನ್ನು ಸಭೆಗೆ ಕೊಟ್ಟವನಿಗೆ ದೇವರು ಹತ್ತು ಪಟ್ಟು ಮರಳಿಸುತ್ತಾನೆ, ಸಿರಿವಂತಿಕೆಯೇ ಆಶೀರ್ವಾದದ ಗುರುತು ಎಂಬ ಲೇಖನ ಓದಿದೆ. ಇದು ಬಡ್ಡಿ ವ್ಯವಹಾರ, ಭಕ್ತಿಯಲ್ಲ.

ಯೇಸು ಮೆಚ್ಚಿದ್ದು ಎರಡೇ ಕಾಸು ಹಾಕಿದ ಬಡ ವಿಧವೆಯನ್ನು. ಆಕೆಗೆ ಆಮೇಲೆ ಏನು ಬಂತೆಂದು ಸುವಾರ್ತೆಗಳಲ್ಲಿ ಮಾರ್ಕನೂ ಬರೆದಿಲ್ಲ, ಲೂಕನೂ ಬರೆದಿಲ್ಲ. ಯೇಸುವನ್ನು ಕಂಡ ಸುಂಕದವನಾದ ಜಕ್ಕಾಯ ಅರ್ಧ ಆಸ್ತಿಯನ್ನು ಬಡವರಿಗೆ ಬಿಟ್ಟ. ವಂಚಿಸಿದ್ದಕ್ಕೆ ನಾಲ್ಕು ಪಟ್ಟು ತೆರಲು ಒಪ್ಪಿದ. ಆ ನಾಲ್ಕು ಪಟ್ಟು ಅವನ ಕೈಯಿಂದ ಹೋದದ್ದು, ಕೈಗೆ ಬಂದದ್ದಲ್ಲ.

ಹಾಗೆಂದು ದುಡ್ಡೇ ಪಾಪವಲ್ಲ. ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ ಗಳಿಕೆ, ಉಳಿತಾಯ ಎರಡನ್ನೂ ಒಪ್ಪಿದ. ಆದರೆ ಅವು ದಾನದಲ್ಲಿ ಮುಗಿಯಬೇಕೆಂದ. ಅವನು ಉದಾಹರಿಸಿದ ಆಕ್ಸ್‌ಫರ್ಡಿನ ಮೆಥಡಿಸ್ಟ್ ಒಬ್ಬನ ವರಮಾನ 30 ಪೌಂಡಿನಿಂದ 60ಕ್ಕೇರಿದರೂ ಖರ್ಚು 28ರಲ್ಲೇ ನಿಂತಿತ್ತು, ಮಿಕ್ಕದ್ದು ಬಡವರಿಗೆ. ಆ ವೆಸ್ಲಿಯ ಹೆಸರಿನ ಮಿಷನ್ನೇ 1906ರಲ್ಲಿ ಮೈಸೂರಿನಲ್ಲಿ ಹೆಂಗಸರು, ಮಕ್ಕಳಿಗಾಗಿ ಆಸ್ಪತ್ರೆ ತೆರೆದದ್ದು. ಊರಿಗೆ ಅದು ಇವತ್ತಿಗೂ ‘ಮಿಷನ್ ಆಸ್ಪತ್ರೆ’.

ಲೇಖಕರಿಗೆ ಒಂದೇ ಪ್ರಶ್ನೆ: ತಪ್ಪದೆ ದಶಮಾಂಶ ಕೊಟ್ಟೂ ಸಾಲದಲ್ಲೇ ಇರುವ ಕೂಲಿಕಾರನ ನಂಬಿಕೆಯಲ್ಲಿ ನೀವು ಕಂಡ ಕೊರತೆ ಯಾವುದು? ಅದನ್ನು ಅವನ ಎದುರು ನಿಂತು ಹೇಳಬಲ್ಲಿರಾ?

– ಓದುಗ, ವಿದ್ಯಾರಣ್ಯಪುರಂ, ಮೈಸೂರು