ತೆರಿಗೆ ಗುಳ್ಳೆಗೋ, ಸಕ್ಕರೆಗೋ?

ಜಿಂಜರ್ ಏಲ್ ಎಂಬ ಹೆಸರು ಪರದೇಶದ್ದಾದರೂ ಅದರ ರುಚಿ ನಮಗೆ ಹೊಸದಲ್ಲ. ಶ್ರೀರಾಮನವಮಿಯ ಪಾನಕಕ್ಕೆ ಬೆಲ್ಲ, ಏಲಕ್ಕಿಗಳೊಂದಿಗೆ ಶುಂಠಿಯನ್ನೂ ಬೆರೆಸುವ ನಾಡು ನಮ್ಮದು. ನಿವೃತ್ತಿಯ ನಂತರ ಈ ಪಾನೀಯವನ್ನು ನಾನು ಮನೆಯಲ್ಲೇ ತಯಾರಿಸತೊಡಗಿದ್ದೇನೆ. ಹವ್ಯಾಸವಾಗಿ ಆರಂಭವಾದ ಈ ಕೆಲಸ ನನ್ನನ್ನು ತೆರಿಗೆ ನೀತಿಯ ಪ್ರಶ್ನೆಯೊಂದಕ್ಕೆ ಎದುರಾಗಿ ನಿಲ್ಲಿಸಿದೆ.

ವಿಧಾನ ಸರಳ. 50 ಗ್ರಾಂ ಹಸಿ ಶುಂಠಿಯನ್ನು ತುರಿದು, 40 ಗ್ರಾಂ ಸಕ್ಕರೆಯೊಡನೆ ನೀರಿನಲ್ಲಿ ಹದಿನೈದು ನಿಮಿಷ ಕುದಿಸಬೇಕು. ಒಲೆಯಿಂದ ಇಳಿಸಿದ ಮೇಲೆ ಕೈತೋಟದ ಪುದೀನ, ತುಳಸಿ, ಮಜ್ಜಿಗೆ ಹುಲ್ಲು ಹಾಕಿ ಮುಚ್ಚಿಡಬೇಕು. ಸೊಪ್ಪನ್ನು ಕುದಿಸಿದರೆ ಪರಿಮಳ ಆವಿಯಾಗಿ ಹೋಗುತ್ತದೆ. ತಣಿದ ಬಳಿಕ ಸೋಸಿ, ನಿಂಬೆರಸ ಹಿಂಡಿ, ಸೋಡಾ ಸೇರಿಸಿ ಒಂದು ಲೀಟರ್ ಮಾಡಿಕೊಂಡರಾಯಿತು. ಸೋಡಾದ ಬದಲು ನೀರು ಸೇರಿಸಿ, ಚಿಟಿಕೆ ಯೀಸ್ಟ್ ಹಾಕಿ ಒಂದೆರಡು ದಿನ ಮುಚ್ಚಿಟ್ಟರೂ ಗುಳ್ಳೆಯೇಳುತ್ತದೆ. ಜೊತೆಗೆ ಅತ್ಯಲ್ಪ ಮದ್ಯಸಾರವೂ ಹುಟ್ಟುತ್ತದೆ. ಒತ್ತಡಕ್ಕೆ ಗಾಜು ಸಿಡಿಯಬಹುದಾದ್ದರಿಂದ ಪ್ಲಾಸ್ಟಿಕ್ ಬಾಟಲಿಯೇ ಕ್ಷೇಮ. ಬಾಟಲಿ ಬಿಗಿಯಾದೊಡನೆ ಫ್ರಿಜ್‌ಗೆ ಸೇರಿಸಬೇಕು.

ಇನ್ನು ಲೆಕ್ಕ. ಹೀಗೆ ಮಾಡಿದ ಪಾನೀಯದ 200 ಮಿ.ಲೀ. ಲೋಟದಲ್ಲಿರುವುದು ಹೆಚ್ಚೆಂದರೆ 8 ಗ್ರಾಂ ಸಕ್ಕರೆ. ಮಾರುಕಟ್ಟೆಯ ಸಾಮಾನ್ಯ ಕೋಲಾದಲ್ಲಿ ಅಷ್ಟೇ ಪ್ರಮಾಣಕ್ಕೆ ಸುಮಾರು 20 ಗ್ರಾಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ನೀಡಿದ ಮಾರ್ಗಸೂಚಿಯ ಪ್ರಕಾರ ವಯಸ್ಕರು ಸೇರಿಸಿದ ಸಕ್ಕರೆಯನ್ನು ದಿನಕ್ಕೆ ಸುಮಾರು 25 ಗ್ರಾಂಗೆ ಇಳಿಸಿಕೊಂಡರೆ ಇನ್ನೂ ಉತ್ತಮ. ಬೆಲ್ಲ ಬಳಸಿದ ಮಾತ್ರಕ್ಕೆ ಈ ಲೆಕ್ಕದಿಂದ ವಿನಾಯಿತಿ ಸಿಗದು.

ನಮ್ಮ ತೆರಿಗೆ ವ್ಯವಸ್ಥೆ ಮಾತ್ರ ಈ ಗ್ರಾಂಗಳನ್ನು ಎಣಿಸುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಪರಿಷ್ಕೃತವಾದ ಜಿಎಸ್‌ಟಿಯಲ್ಲಿ ಗುಳ್ಳೆಯೇಳುವ ಸಿಹಿ ಪಾನೀಯಗಳಿಗೆಲ್ಲ ಶೇ 40ರ ದರ. ಸಕ್ಕರೆ ಕಡಿಮೆಯಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಗುಳ್ಳೆಯಿಲ್ಲದ ಹಣ್ಣಿನ ರಸದ ಪಾನೀಯಕ್ಕೆ, ಅದರಲ್ಲಿ ಕೋಲಾದಷ್ಟೇ ಸಕ್ಕರೆ ಇದ್ದರೂ, ಶೇ 5. ಅಂದರೆ ತೆರಿಗೆ ಬೀಳುತ್ತಿರುವುದು ಗುಳ್ಳೆಗೆ, ಸಕ್ಕರೆಗಲ್ಲ. ತಯಾರಕರಿಗೆ ಸಕ್ಕರೆ ತಗ್ಗಿಸಲು ಇದರಿಂದ ಯಾವ ಪ್ರೇರಣೆಯೂ ಇಲ್ಲ. ಬ್ರಿಟನ್ 2018ರ ಏಪ್ರಿಲ್‌ನಲ್ಲಿ ಜಾರಿಗೆ ತಂದ ತೆರಿಗೆಯಲ್ಲಿ 100 ಮಿ.ಲೀ.ಗೆ 5 ಗ್ರಾಂಗಿಂತ ಕಡಿಮೆ ಸಕ್ಕರೆಯಿದ್ದ ಪಾನೀಯಗಳನ್ನು ಕೈಬಿಟ್ಟು, 8 ಗ್ರಾಂ ಮುಟ್ಟಿದವುಗಳ ಮೇಲೆ ಹೆಚ್ಚು ಹೊರೆ ಹಾಕಲಾಯಿತು. ಅನೇಕ ಕಂಪನಿಗಳು ತೆರಿಗೆ ಜಾರಿಯಾಗುವ ಮೊದಲೇ ಸಕ್ಕರೆ ಇಳಿಸಿದವು.

ಈ ಪ್ರಶ್ನೆ ಮಲೆನಾಡಿನ ಹೊಲಗಳಿಗೂ ಸಂಬಂಧಿಸಿದ್ದು. ಶುಂಠಿಯ ಬೆಲೆ 2023ರಲ್ಲಿ ಗಗನಕ್ಕೇರಿತು. ಹೊಲಗಳಿಗೆ ಕಾವಲು ಹಾಕಬೇಕಾಯಿತು. ಅದನ್ನು ನಂಬಿ ಬೆಳೆ ವಿಸ್ತರಿಸಿದವರು ಅನಂತರದ ಕುಸಿತದಲ್ಲಿ ಪೆಟ್ಟು ತಿಂದರು. ಹಸಿ ಶುಂಠಿಯನ್ನು ಬಹುಕಾಲ ಕಾಪಿಡಲಾಗದು. ಊರಿನಲ್ಲೇ ಸಂಸ್ಕರಣೆಯಾದರೆ ಬೆಳೆಗಾರನಿಗೆ ಒಂದಿಷ್ಟು ಆಸರೆ. ಆದರೆ ಸ್ತ್ರೀಶಕ್ತಿ ಗುಂಪೊಂದು ಜಿಂಜರ್ ಏಲ್ ತಯಾರಿಸಿ ಮಾರಲು ಹೊರಟು, ವಹಿವಾಟು ಜಿಎಸ್‌ಟಿ ಮಿತಿಯನ್ನು ದಾಟಿದರೆ, ಬಹುರಾಷ್ಟ್ರೀಯ ಕಂಪನಿಗಿರುವ ಶೇ 40ರ ದರವೇ ಅದಕ್ಕೂ ಅನ್ವಯಿಸುತ್ತದೆ. ಸಣ್ಣ ಉದ್ಯಮಗಳಿಗೆಂದೇ ಇರುವ ರಾಜಿ ತೆರಿಗೆ ಪದ್ಧತಿಯಿಂದ ಏರೇಟೆಡ್ ವಾಟರ್ ತಯಾರಕರನ್ನು 2019ರಿಂದಲೇ ಹೊರಗಿಡಲಾಗಿದೆ.

ಹಾನಿಕಾರಕ ವಸ್ತುವಿಗೆ ಹೆಚ್ಚು ತೆರಿಗೆ ವಿಧಿಸುವುದನ್ನು ಅರ್ಥಶಾಸ್ತ್ರ ಒಪ್ಪುತ್ತದೆ. ಆದರೆ ಹಾನಿ ಎಲ್ಲಿದೆಯೋ ತೆರಿಗೆ ಅಲ್ಲಿಗೇ ತಾಗಬೇಕು. ಜಿಎಸ್‌ಟಿ ಮಂಡಳಿಯು 100 ಮಿ.ಲೀ.ನಲ್ಲಿರುವ ಸಕ್ಕರೆಯ ಆಧಾರದ ಮೇಲೆ ದರಗಳನ್ನು ನಿಗದಿಪಡಿಸಲಿ. ಗುಳ್ಳೆಯಿರಲಿ, ಬಿಡಲಿ, ಎಲ್ಲ ಸಿಹಿ ಪಾನೀಯಗಳಿಗೂ ಅದು ಒಂದೇ ಆಗಿರಲಿ. ಸಣ್ಣ ತಯಾರಕರಿಗೆ ರಾಜಿ ತೆರಿಗೆಯ ಬಾಗಿಲು ತೆರೆಯಲಿ. ಅಲ್ಲಿಯವರೆಗೆ ಮಧ್ಯಮ ವರ್ಗದ ನಾವು ನಮ್ಮ ಅಡುಗೆಮನೆಯಲ್ಲಾದರೂ ಸಕ್ಕರೆಯನ್ನು ತೂಗಿ ಹಾಕುವುದನ್ನು ಕಲಿಯಬಹುದು. ಅದಕ್ಕೆ ಯಾವ ಮಂಡಳಿಯ ಒಪ್ಪಿಗೆಯೂ ಬೇಕಿಲ್ಲ.