ಬೂಟಿನೊಳಗಿನ ಹೆಬ್ಬೆರಳು

ಪ್ರಾರ್ಥನೆಯ ಸಾಲಿನಲ್ಲಿ ಮಕ್ಕಳ ಕೈಯುಗುರುಗಳನ್ನು ಪರೀಕ್ಷಿಸುವ ಪದ್ಧತಿ ನಮ್ಮ ಶಾಲೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಬೂಟಿಗೆ ಪಾಲಿಶ್ ಆಗಿದೆಯೇ, ಕಾಲುಚೀಲ ಬೆಳ್ಳಗಿದೆಯೇ ಎಂಬುದನ್ನೂ ನೋಡುತ್ತಾರೆ. ಆ ಬೂಟಿನೊಳಗಿನ ಬೆರಳು ಯಾವ ಸ್ಥಿತಿಯಲ್ಲಿದೆ ಎಂದು ವಿಚಾರಿಸುವ ಪದ್ಧತಿಯನ್ನು ಮಾತ್ರ ನಾನು ಕಂಡದ್ದಿಲ್ಲ.

ಈ ಮಾತನ್ನೆತ್ತಲು ಕಾರಣವಿದೆ. ಕಳೆದ ಮಳೆಗಾಲದಲ್ಲಿ ನಮ್ಮ ಬೀದಿಯ ಆರನೆಯ ತರಗತಿಯ ಹುಡುಗಿಯೊಬ್ಬಳ ಕಾಲ್ಬೆರಳಿನ ಉಗುರು ಮಾಂಸದೊಳಕ್ಕೆ ನಾಟಿ ಕೀವು ತುಂಬಿತು. ವೈದ್ಯರು ಉಗುರಿನ ಅಂಚನ್ನು ಕತ್ತರಿಸಿ ಪಟ್ಟಿ ಕಟ್ಟಿ, ಕೆಲವು ದಿನ ಬೂಟು ಬೇಡವೆಂದು ಚೀಟಿ ಬರೆದುಕೊಟ್ಟರು. ಚಪ್ಪಲಿ ಹಾಕಿಕೊಂಡು ಹೋದ ಮಗುವನ್ನು ಶಾಲೆಯವರು ಮೊದಲ ಅವಧಿ ಮುಗಿಯುವವರೆಗೆ ಹೊರಗೆ ನಿಲ್ಲಿಸಿದರು! ನಿಯಮವೆಂದರೆ ನಿಯಮವಂತೆ. ವೈದ್ಯರ ಚೀಟಿಗಿಂತ ಪಾಲಿಶ್ ಡಬ್ಬಿಗೆ ಹೆಚ್ಚು ಬೆಲೆ ಕೊಡುವ ಈ ಶಿಸ್ತನ್ನು ನಾನು ಶಿಸ್ತೆಂದು ಒಪ್ಪಲಾರೆ.

ಆ ಉಗುರು ಹಾಗಾದದ್ದಾದರೂ ಏತಕ್ಕೆ? ಜೂನ್‌ನಲ್ಲಿ ಸರಿಹೊಂದಿದ ಬೂಟು ಫೆಬ್ರವರಿಯ ಹೊತ್ತಿಗೆ ಬಿಗಿಯಾಗುತ್ತದೆ. ಬೆಳೆಯುವ ಮಗುವಿನ ಪಾದ ಶೈಕ್ಷಣಿಕ ವರ್ಷಕ್ಕಾಗಿ ಕಾಯುವುದಿಲ್ಲ. ಬಡ ತಂದೆತಾಯಿಗಳು ಎರಡು ವರ್ಷ ಬರಲೆಂದು ದೊಡ್ಡ ಅಳತೆಯದನ್ನು ಕೊಳ್ಳುತ್ತಾರೆ. ಅದರಲ್ಲಿ ಪಾದ ಮುಂದಕ್ಕೆ ಜಾರಿ, ಕವಾಯತಿನ ಒಂದೊಂದು ಹೆಜ್ಜೆಗೂ ಉಗುರು ಬೂಟಿನ ಮೂತಿಗೆ ಬಡಿಯುತ್ತದೆ. ಅಡಿಯಲ್ಲಿ ರಕ್ತ ಕಟ್ಟಿ ಉಗುರು ಕಪ್ಪಾಗುತ್ತದೆ. ಮಳೆಗಾಲದಲ್ಲಿ ಇನ್ನೊಂದು ಶಿಕ್ಷೆ: ಬೆಳಿಗ್ಗೆ ನೆನೆದ ನೈಲಾನ್ ಕಾಲುಚೀಲ ಸಂಜೆಯವರೆಗೂ ಕಾಲಿಗಂಟಿಕೊಂಡಿರುತ್ತದೆ. ಚರ್ಮ ಮೆತ್ತಗಾಗಿ, ಉಗುರಿನ ಅಂಚು ಒಳಹೊಗಲು ದಾರಿಯಾಗುತ್ತದೆ. ಶಿಲೀಂಧ್ರಕ್ಕೂ ಅದೇ ಬೇಕು. ಇದರ ಮೇಲೆ, ಮೂಲೆಗಳನ್ನು ಗುಂಡಗೆ ಕತ್ತರಿಸಿ ಆಳಕ್ಕೆ ಕೆರೆಯುವ ನಮ್ಮ ಮನೆಗಳ ಅಭ್ಯಾಸ. ಕಾಲಿನ ಉಗುರನ್ನು ನೇರವಾಗಿ, ತೀರ ಗಿಡ್ಡವಾಗದಂತೆ ಕತ್ತರಿಸಬೇಕೆಂದು ಎಷ್ಟು ಜನರಿಗೆ ಗೊತ್ತಿದೆ?

ಬರಿಗಾಲಿನಲ್ಲಿ ಓಡಾಡುತ್ತಿದ್ದ ಕಾಲವೇ ಚೆನ್ನಾಗಿತ್ತೆಂದು ಹಾಡುವವನು ನಾನಲ್ಲ. ಕಲ್ಲು ಎಡವಿ ಉಗುರು ಕಿತ್ತುಕೊಂಡವರನ್ನೂ, ಕೊಕ್ಕೆಹುಳುವಿನಿಂದ ರಕ್ತಹೀನರಾದವರನ್ನೂ ಆ ಕಾಲ ಧಾರಾಳವಾಗಿ ಕಂಡಿದೆ. ಸರ್ಕಾರಿ ಶಾಲೆಯ ಮಕ್ಕಳಿಗೆ ಉಚಿತವಾಗಿ ಬೂಟು, ಕಾಲುಚೀಲ ಕೊಡುವ ಯೋಜನೆ 2015-16ರ ಹೊತ್ತಿಗೆ ಬಂದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಪಾದರಕ್ಷೆ ಎಂಬ ಪದದಲ್ಲೇ ಅದರ ಕೆಲಸವಿದೆ. ಹಿಂಬದಿಗೆ ಪಟ್ಟಿಯುಳ್ಳ, ಬೆರಳಿಗೆ ಗಾಳಿಯಾಡುವ ಸ್ಯಾಂಡಲ್ ಕರಾವಳಿ, ಮಲೆನಾಡುಗಳ ಮಳೆಯಲ್ಲಿ ಆ ಕೆಲಸವನ್ನು ಬೂಟಿಗಿಂತ ಚೆನ್ನಾಗಿ ಮಾಡುತ್ತದೆ. ಸಮಾನತೆಯ ವಾದ ಹೂಡುವವರಿಗೆ ಒಂದೇ ಮಾತು: ಎಲ್ಲರೂ ಒಂದೇ ಬಗೆಯ ಸ್ಯಾಂಡಲ್ ಹಾಕಿದರೆ ಸಮಾನತೆಗೆ ಯಾವ ಕುಂದು?

ಗಾಯವಾದ ಮೇಲೆ ನಾವು ಮಾಡುವ ಉಪಚಾರವಂತೂ ಇನ್ನೂ ವಿಚಿತ್ರ. ಕಾಫಿಪುಡಿ ಮೆತ್ತುವವರು, ಸುಣ್ಣ ಹಚ್ಚುವವರು, ಜೋತಾಡುವ ಉಗುರನ್ನು ಕಣ್ಮುಚ್ಚಿ ಎಳೆದುಬಿಡುವ ಧೀರರು! ಎಳೆಯಬಾರದು. ಸೋಪು ನೀರಿನಿಂದ ತೊಳೆದು, ಶುಭ್ರವಾದ ಬಟ್ಟೆಯಿಂದ ಒತ್ತಿಹಿಡಿದು, ಕಾಲನ್ನು ಎತ್ತರದಲ್ಲಿಡಬೇಕು. ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂದು ವೈದ್ಯರನ್ನು ಕೇಳಬೇಕು. ಕಪ್ಪಾದ ಉಗುರು ಮಿಡಿಯುತ್ತ ನೋಯುತ್ತಿದ್ದರೆ, ಮೊದಲ ಒಂದೆರಡು ದಿನಗಳೊಳಗೆ ವೈದ್ಯರು ಸಣ್ಣ ರಂಧ್ರ ಮಾಡಿ ರಕ್ತ ಹೊರಬಿಡಬಲ್ಲರು. ಮನೆಯ ಸೂಜಿಗೆ ಅಲ್ಲಿ ಕೆಲಸವಿಲ್ಲ. ಕಾಲಿನ ಹೆಬ್ಬೆರಳಿನ ಉಗುರು ಕಳಚಿದರೆ ಪೂರ್ತಿ ಬೆಳೆಯಲು 12ರಿಂದ 18 ತಿಂಗಳು ಬೇಕು. ಅಂದರೆ ಒಂದು ಶೈಕ್ಷಣಿಕ ವರ್ಷಕ್ಕಿಂತಲೂ ಹೆಚ್ಚು. (ಸಕ್ಕರೆ ಕಾಯಿಲೆಯಿರುವ ನನ್ನ ಓರಗೆಯವರು ಇದನ್ನು ಮಕ್ಕಳ ವಿಷಯವೆಂದು ದಾಟಿಸಬಾರದು. ಕಾಲಿನ ಸ್ಪರ್ಶಜ್ಞಾನ ಕುಂದಿದವರಲ್ಲಿ ಉಗುರಿನ ಬದಿಯ ಸಣ್ಣ ಗಾಯವೇ ಬೆರಳನ್ನು ಕಳೆದುಕೊಳ್ಳುವ ತನಕ ಹೋಗಬಹುದು.)

ಜೂನ್ ತಿಂಗಳ ಪೋಷಕರ ಸಭೆಗಳಲ್ಲಿ ಶುಲ್ಕದ ಬಗ್ಗೆ ಏರುದನಿಯಲ್ಲಿ ಮಾತನಾಡುವ ನಾವು ಬೂಟಿನ ಬಗ್ಗೆಯೂ ಬಾಯಿ ತೆರೆಯಬೇಕು. ಮಳೆ ನಿಲ್ಲುವವರೆಗೆ ಸ್ಯಾಂಡಲಿಗೆ ಅನುಮತಿ, ಕಾಲಿಗೆ ಗಾಯವಾದ ಮಗುವಿಗೆ ಪ್ರಶ್ನೆಯಿಲ್ಲದ ವಿನಾಯಿತಿ, ಅರ್ಧ ವಾರ್ಷಿಕ ಪರೀಕ್ಷೆಯ ಹೊತ್ತಿಗೊಮ್ಮೆ ಬೂಟಿನ ಅಳತೆಯ ತಪಾಸಣೆ. ಮಗು ನಿಂತಿರುವಾಗ ಎಲ್ಲಕ್ಕಿಂತ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನಗಲದಷ್ಟು ಜಾಗವಿದ್ದರೆ ಅಳತೆ ಸರಿ. ಕೈಯುಗುರು ನೋಡುವ ಅಧ್ಯಾಪಕರಿಗೆ ಅದನ್ನು ಒತ್ತಿ ನೋಡಲು ಅರ್ಧ ನಿಮಿಷವೂ ಬೇಡ.