ಕನ್ನಡ ಪಿರಿಯಡ್ಡಿನಲ್ಲಿ ಆಟದ ಗಂಟೆ ಹೊಡೆಯಲಿ!



ನಿಮ್ಮ ಮನೆಯ ಹೈಸ್ಕೂಲು ಮಕ್ಕಳನ್ನು ಕೇಳಿ ನೋಡಿ, ಯಾವ ಪಿರಿಯಡ್ಡಿನಲ್ಲಿ ಆಕಳಿಕೆ ಜಾಸ್ತಿ ಅಂತ. ಎಷ್ಟೋ ಮಕ್ಕಳು ಕನ್ನಡದ ಹೆಸರನ್ನೇ ಹೇಳುತ್ತವೆ. ನಮಗೆ ಸಿಟ್ಟು ಬರುತ್ತದೆ. ಆದರೆ ತಪ್ಪು ಮಕ್ಕಳದ್ದೇ? ಪದ್ಯ ಓದು, ಅರ್ಥ ಬರೆದುಕೋ, ಗೈಡು ನೋಡಿ ಉರುಹೊಡೆ! ಹೀಗೆ ಕುಡಿಸಿದರೆ ಅಮೃತವೂ ಕಷಾಯವೇ.

2015ರಲ್ಲಿ ಕನ್ನಡ ಭಾಷಾ ಕಲಿಕಾ ಅಧಿನಿಯಮ ಬಂತು. 2017-18ರಿಂದ ಒಂದನೇ ತರಗತಿಯಿಂದ ಆರಂಭಿಸಿ ಹಂತಹಂತವಾಗಿ ಕನ್ನಡ ಕಲಿಕೆ ಕಡ್ಡಾಯ ಎಂದಾಯಿತು. ಆ ಕಾನೂನು ಬೇಕೇ ಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾನೂನು ಮಗುವನ್ನು ಬೆಂಚಿನ ಮೇಲೆ ಕೂರಿಸೀತು, ಬಾಯಲ್ಲಿ ಕನ್ನಡ ಆಡಿಸೀತೇ? ಮಾತನ್ನೂ ಆಡುತ್ತೇವೆ, ಆಟವನ್ನೂ ಆಡುತ್ತೇವೆ. ನಮ್ಮ ಭಾಷೆಯೇ ಎರಡಕ್ಕೂ ಒಂದೇ ಕ್ರಿಯಾಪದ ಇಟ್ಟಿದೆ. ಮೇಷ್ಟ್ರುಗಳಿಗೆ ಇದಕ್ಕಿಂತ ದೊಡ್ಡ ಸುಳಿವು ಬೇಕೇ?

ಆಟ ಎಂದರೆ ಕಂಪ್ಯೂಟರೇ ಬೇಕೆಂದಿಲ್ಲ. ನಾನು ಪ್ರೆಸ್ಸಿನವನು. ನಾನು ಈ ಕಸುಬಿಗೆ ಬಂದಾಗ ಮೊಳೆ ಜೋಡಿಸುವ ಕಾಲ ಮುಗಿಯುತ್ತಾ ಬಂದಿತ್ತು. ಆ ಮೊಳೆ ಕೇಸಿನಲ್ಲೇ ಒಂದು ಪಾಠವಿತ್ತು. ಹೆಚ್ಚು ಬಳಸುವ ಅಕ್ಷರಕ್ಕೆ ದೊಡ್ಡ ಮನೆ, ಅಪರೂಪದ ಅಕ್ಷರಕ್ಕೆ ಸಣ್ಣ ಮನೆ. ಒತ್ತಕ್ಷರದ ಮೊಳೆ ಬೇರೆ. ಇದನ್ನೇ ಆಟ ಮಾಡಿ. ಪತ್ರಿಕೆಯ ಒಂದು ಪುಟ ಕೊಟ್ಟು ಯಾವ ಅಕ್ಷರ ಎಷ್ಟು ಸಲ ಬಂದಿದೆ ಎಂದು ಮಕ್ಕಳೇ ಎಣಿಸಲಿ. 'ರ', 'ನ', 'ದ' ರಾಶಿ ರಾಶಿ ಸಿಗುತ್ತವೆ. 'ಝ', 'ಢ' ಹುಡುಕಬೇಕಾಗುತ್ತದೆ. ಅದೇ ಲೆಕ್ಕದಲ್ಲಿ ರಟ್ಟಿನ ಚೀಟಿ ಕತ್ತರಿಸಿ. ಹೆಚ್ಚು ಬರುವ ಅಕ್ಷರಕ್ಕೆ ಹೆಚ್ಚು ಚೀಟಿ, ಕಡಿಮೆ ಅಂಕ. ಅಪರೂಪದ್ದಕ್ಕೆ ಒಂದೆರಡು ಚೀಟಿ, ಹೆಚ್ಚು ಅಂಕ. ಒತ್ತಕ್ಷರಕ್ಕೆ ಬೇರೆ ಚೀಟಿ. ಪದ ಕಟ್ಟುತ್ತಾ ಕಟ್ಟುತ್ತಾ ಕಾಗುಣಿತ ತಾನಾಗಿ ತಿದ್ದಿಕೊಳ್ಳುತ್ತದೆ.

ವ್ಯಾಕರಣವೂ ಆಟವೇ. ಒಬ್ಬನ ಕೈಗೆ 'ಮಳೆ', ಇನ್ನೊಬ್ಬಳ ಕೈಗೆ 'ಕಾಲ' ಚೀಟಿ ಕೊಡಿ. ಜೋಡಿ ಸಿಕ್ಕ ಕೂಡಲೇ ಇಬ್ಬರೂ 'ಮಳೆಗಾಲ' ಎಂದು ಕೂಗಿ, 'ಕ' ಹೋಗಿ 'ಗ' ಬಂದದ್ದನ್ನು ತೋರಿಸಬೇಕು. ಆದೇಶ ಸಂಧಿ ಮುಗಿಯಿತು! ಛಂದಸ್ಸಿಗೆ ಕೈತಾಳ ಸಾಕು. ಲಘುವಿಗೆ ಒಂದು ಏಟು, ಗುರುವಿಗೆ ಎರಡು. ಭಾಮಿನಿ ಷಟ್ಪದಿಯ ಮೂರು-ನಾಲ್ಕರ ನಡೆ ಅಂಗೈಯಲ್ಲಿ ಕೂತುಬಿಡುತ್ತದೆ. ಇನ್ನು ಒಗಟು, ಗಾದೆ, ಅಂತ್ಯಾಕ್ಷರಿ ನಮ್ಮ ಅಜ್ಜಿಯರ ಆಸ್ತಿ. ಹಳ್ಳಿಯ ಮಗು ಅವನ್ನು ಮನೆಯಿಂದಲೇ ಹೊತ್ತು ತರುತ್ತದೆ. ತರಗತಿಯಲ್ಲಿ ಅದಕ್ಕೆ ಬೆಲೆ ಕೊಡುವವರು ಬೇಕು.

ಅಂಕದ ಹುಚ್ಚು ಹಿಡಿಸಬೇಡಿ ಎಂಬ ಎಚ್ಚರಿಕೆಯೂ ಇರಲಿ. ಗೆದ್ದವನನ್ನು ಮೆರೆಸಿ ಸೋತವನನ್ನು ನಗೆಪಾಟಲು ಮಾಡಿದರೆ ಅದೂ ಇನ್ನೊಂದು ಪರೀಕ್ಷೆಯೇ. ತಂಡ ಕಟ್ಟುವಾಗ ಕನ್ನಡ ಬಲ್ಲ ಮಗುವಿನ ಜೊತೆ ಮನೆಯಲ್ಲಿ ಉರ್ದು, ತಮಿಳು, ಹಿಂದಿ ಆಡುವ ಮಗುವನ್ನು ಕೂರಿಸಿ. ತಂಡ ಗೆಲ್ಲಬೇಕಾದರೆ ಒಬ್ಬರು ಇನ್ನೊಬ್ಬರಿಗೆ ಕಲಿಸಲೇಬೇಕು. ಬೋರ್ಡಿಗೆ ಮಸಿ ಬಳಿದು ಸಿಗದ ಕನ್ನಡಿಗ ಇಲ್ಲಿ ಸಿಗುತ್ತಾನೆ!

ಬಹುಮಾನ ಏನು? ಚಂದನ ವಾಹಿನಿಯಲ್ಲಿ 2002ರಲ್ಲಿ ಶುರುವಾದ 'ಥಟ್ ಅಂತ ಹೇಳಿ' ನೆನೆಯಿರಿ. ಡಾ. ನಾ. ಸೋಮೇಶ್ವರ ಅವರು ಸರಿಯುತ್ತರಕ್ಕೆ ಕೊಟ್ಟದ್ದು ಕನ್ನಡ ಪುಸ್ತಕ. ಜನ ಮುಗಿಬಿದ್ದು ನೋಡಿದರು. ಶಾಲೆಗೂ ಅದೇ ದಾರಿ.

ಶಿಕ್ಷಣ ಇಲಾಖೆಗೆ ನಮ್ಮ ಒತ್ತಾಯ ಇಷ್ಟೇ: ವಾರದಲ್ಲಿ ಒಂದು ಕನ್ನಡ ಪಿರಿಯಡ್ಡು ಆಟಕ್ಕೆ ಬಿಡಿ, ಮೇಷ್ಟ್ರುಗಳಿಗೆ ತರಬೇತಿ ಕೊಡಿ. ಮುದ್ರಕ ಮಿತ್ರರೇ, ಕಟಿಂಗ್ ಮಿಷಿನ್ನಿನ ಕೆಳಗೆ ಬೀಳುವ ರಟ್ಟಿನ ಚೂರನ್ನು ರದ್ದಿಗೆ ಹಾಕಬೇಡಿ, ಹತ್ತಿರದ ಶಾಲೆಗೆ ಕಳಿಸಿ. ಓದುಗರೇ, ಈ ಸಲದ ರಾಜ್ಯೋತ್ಸವಕ್ಕೆ ಬಾವುಟದ ಜೊತೆ ಒಂದು ಪೆಟ್ಟಿಗೆ ಅಕ್ಷರದ ಚೀಟಿಯನ್ನೂ ಶಾಲೆಗೆ ಒಯ್ಯಿರಿ. ಮಕ್ಕಳು ಆಡಲಿ. ಆಡಿದರೆ ತಾನೇ ಕನ್ನಡ ಉಳಿಯುವುದು!